ಹೆಸರಿನ ಊರು, ಮಾಪಿನ ಊರು

ಅಕ್ಕನ ಇಬ್ಬರು ಗಂಡುಮಕ್ಕಳು ಅಮೆರಿಕದಲ್ಲಿದ್ದಾರೆ. ದೊಡ್ಡವನು ನ್ಯೂಯಾರ್ಕಿನಲ್ಲಿ, ಸಣ್ಣವನು ಷಿಕಾಗೋದಲ್ಲಿ. ಈ ಸಲ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿ, ನಮ್ಮೂರು ಬಾದಾಮಿಗೆ ಹೋಗುವ ಮುಂಚೆ ನಾಲ್ಕು ದಿನ ಗೋವಾದ ಮ್ಹಾಪಸಾದಲ್ಲಿರುವ ನಮ್ಮ ಮನೆಯಲ್ಲಿ ಉಳಿದರು. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಣ್ಣತಮ್ಮಂದಿರ ಹಳೆಯ ವಾದ ಮತ್ತೆ ಎದ್ದಿತು. ಜಗತ್ತಿನ ಕಣ್ಣಿಗೆ ಯಾವ ಊರು ದೊಡ್ಡದು?

ದೊಡ್ಡವನಿಗೆ ಅದು ಕೇಳುವ ಮಾತೇ ಅಲ್ಲ. ವಿಶ್ವಸಂಸ್ಥೆ ಇರುವುದು ನ್ಯೂಯಾರ್ಕಿನಲ್ಲಿ, ವಾಲ್ ಸ್ಟ್ರೀಟ್ ಇರುವುದು ಅಲ್ಲಿ. ಬಂದರಿನ ಬಾಗಿಲಲ್ಲಿ 1886ರಿಂದ ದೀವಟಿಗೆ ಹಿಡಿದು ನಿಂತ ಲಿಬರ್ಟಿ ಪ್ರತಿಮೆ ಅಲ್ಲಿ. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 88 ಲಕ್ಷ, ಷಿಕಾಗೋದ್ದು 27 ಲಕ್ಷ. ಸಣ್ಣವನು ಲೆಕ್ಕಕ್ಕೆ ಲೆಕ್ಕ ಕೊಡಲು ಹೋಗಲಿಲ್ಲ. “ನಮ್ಮೂರಾಗ ಕಟ್ಟಿಮ್ಯಾಲೆ ಕುಂತ ಹಿರ್ಯಾರನ್ನ ಕೇಳು” ಅಂದ. “ನ್ಯೂಯಾರ್ಕ್ ಅಂದ್ರ ಹೂಂ ಅಂತಾರ, ಸುಮ್ಮನಾಕ್ಕಾರ. ಷಿಕಾಗೋ ಅಂದ್ರ ಎದ್ದು ಕೂಡ್ತಾರ.”

ಅವನ ಮಾತು ನಿಜ. ನಮ್ಮ ಕಡೆ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗಾದರೂ ಷಿಕಾಗೋ ಎಂದರೆ 1893ರ ಸೆಪ್ಟೆಂಬರ್ 11, ಕೈಕಟ್ಟಿ ನಿಂತ ವಿವೇಕಾನಂದರು. ಪಟದಲ್ಲಿ ನೋಡಿದ ಆ ರುಮಾಲು, ಆ ನಿಲುವು ಒಂದು ಪರದೇಶದ ಊರನ್ನು ನಮ್ಮ ಮನೆಯ ಗೋಡೆಗೆ ತಂದು ತೂಗುಹಾಕಿದವು. ಆ ದಿನಕ್ಕೆ ಒಂದು ವರ್ಷವೂ ತುಂಬದಷ್ಟು ಹಿಂದೆ, 1892ರಲ್ಲಿ, ಅವರು ಬೆಳಗಾವಿಯಲ್ಲಿ ಕೆಲವು ದಿನ ಇದ್ದು, ಘಟ್ಟ ಇಳಿದು ಇದೇ ಗೋವೆಗೆ ಬಂದಿದ್ದರು. ಮಡಗಾಂವದಲ್ಲಿ ಇಳಿದುಕೊಂಡು, ರಾಚೋಲ್ ಸೆಮಿನರಿಯಲ್ಲಿ ಕ್ರೈಸ್ತ ಧರ್ಮಶಾಸ್ತ್ರದ ಹಳೆಯ ಗ್ರಂಥಗಳನ್ನು ನೋಡಿದರು. ಷಿಕಾಗೋದ ವೇದಿಕೆಗೆ ಹೋದ ದಾರಿ ನಮ್ಮ ಅಂಗಳ ಹಾದು ಹೋಗಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

“ಮಾಮಾ, ನೀವ ತೀರ್ಪು ಹೇಳ್ರಿ” ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಎರಡೂ ಊರು ಕಂಡವನಲ್ಲ. ನಾಳೆ ಶುಕ್ರವಾರ, ಲಗೂನ ಏಳ್ರಿ, ಸಂತಿಗೆ ಹೋಗೂಣು ಅಂದೆ.

ಶುಕ್ರವಾರದ ಬೆಳಗಿನ ಮ್ಹಾಪಸಾ ನೋಡಬೇಕೆಂದರೆ ಬಸ್ ನಿಲ್ದಾಣದಿಂದ ಶುರು ಮಾಡಬೇಕು. ರಾತ್ರಿಯೆಲ್ಲ ಓಡಿ ಘಟ್ಟ ಇಳಿದು ಬಂದ ಬಸ್ಸುಗಳು ಬೆಳಕು ಹರಿಯುವ ಹೊತ್ತಿಗೆ ಬಂದು ನಿಲ್ಲುತ್ತವೆ. ಹಾಸಿಗೆಯ ಸುತ್ತು, ಹಿಟ್ಟಿನ ಚೀಲ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ನಿದ್ದೆಗಣ್ಣಿನ ಮಗು ಒಂದೊಂದಾಗಿ ಕೆಳಗೆ ಇಳಿಯುತ್ತವೆ. ಇಳಿದವರ ಬಾಯಲ್ಲಿ ಈ ಊರು ‘ಮಾಪ್ಸಾ’. ಕೊಂಕಣಿಗರ ಬಾಯಲ್ಲಿ ‘ಮ್ಹಾಪಸಾ’. ಪೋರ್ಚುಗೀಸರು ಬರೆದಿಟ್ಟ ಕಾಗುಣಿತ ಓದಿಕೊಂಡು ಬರುವ ಪ್ರವಾಸಿಗರು ‘ಮಪೂಸಾ’ ಎನ್ನುತ್ತಾರೆ. ಯಾರು ಹೇಗೆ ಕರೆಯುತ್ತಾರೆ ಎಂಬುದರ ಮೇಲೆ ಅವರು ಯಾತಕ್ಕೆ ಬಂದಿದ್ದಾರೆ ಎಂದು ಹೇಳಿಬಿಡಬಹುದು. ಬಾಗಲಕೋಟೆ, ವಿಜಯಪುರ, ಗದಗದ ಎಷ್ಟೋ ಹಳ್ಳಿಗಳಲ್ಲಿ ‘ಗ್ವಾ’ ಎಂದರೆ ಸಮುದ್ರವಲ್ಲ, ಬೆಳಿಗ್ಗೆ ಕೆಲಸಕ್ಕೆ ಕರೆಯುವವರು ಬಂದು ನಿಲ್ಲುವ ನಾಕಾ. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ಕೂವರೆಗಿಂತ ಹೆಚ್ಚು ಮಂದಿ ಕನ್ನಡ ತಮ್ಮ ತಾಯಿನುಡಿ ಎಂದು ಬರೆಸಿದ್ದಾರೆ. ಮ್ಹಾಪಸಾ ಸುಮಾರು 40 ಸಾವಿರ ಜನರ ಪಟ್ಟಣ. ನ್ಯೂಯಾರ್ಕಿನ ಒಂದು ಬೀದಿಗೆ ಸಾಲದಷ್ಟು. ಆದರೂ ಆ ಹಳ್ಳಿಗಳಲ್ಲಿ ನ್ಯೂಯಾರ್ಕ್ ಗೊತ್ತಿಲ್ಲದ ಮುದುಕಿಯರಿಗೆ ಮಾಪ್ಸಾ ಗೊತ್ತು. ಅವರ ಮಗನೋ ಸೊಸೆಯೋ ಇಲ್ಲಿದ್ದಾರೆ.

ಇಲ್ಲಿಂದ ಹತ್ತು ಕಿಲೋಮೀಟರೂ ಇಲ್ಲದ ದೂರದಲ್ಲಿ ಅಂಜುಣಾ ಇದೆ. ಅಲ್ಲಿ ಬುಧವಾರದ ಸಂತೆ. 1970ರ ದಶಕದಲ್ಲಿ ಹಿಪ್ಪಿಗಳು ಊಟದ ಖರ್ಚಿಗೋ ಊರಿಗೆ ಮರಳುವ ಖರ್ಚಿಗೋ ತಮ್ಮ ಮೈಮೇಲಿನ ಜೀನ್ಸು, ಗಡಿಯಾರ, ಗಿಟಾರು ಮಾರಿಕೊಳ್ಳುತ್ತ ಶುರುವಾದದ್ದು. ಅದನ್ನು ಶುರುಮಾಡಿದವನೆಂದು ಹೆಸರು ಬರುವುದೂ ಒಬ್ಬ ಅಮೆರಿಕದವನದೇ, ‘ಎಯ್ಟ್ ಫಿಂಗರ್ ಎಡ್ಡಿ’ ಎಂದು ಎಲ್ಲರೂ ಕರೆಯುತ್ತಿದ್ದ ಮನುಷ್ಯ. ಇವತ್ತು ಲಂಡನ್ನಿನಲ್ಲಿ, ಟೆಲ್ ಅವೀವ್‌ನಲ್ಲಿ ಅಂಜುಣಾ ಎಂದರೆ ತಲೆಯಾಡಿಸುವವರಿದ್ದಾರೆ. ಅಲ್ಲಿ ಕನ್ನಡಿ ಹೊಲಿದ ಚೀಲ, ಸೊಂಟದ ಪಟ್ಟಿ, ಹೊದಿಕೆ ಹರವಿಕೊಂಡು ಕೂತ ಎಷ್ಟೋ ಮಂದಿ ನಮ್ಮ ಕರ್ನಾಟಕದ ತಾಂಡಾಗಳಿಂದ ಬಂದ ಲಂಬಾಣಿ ಹೆಣ್ಣುಮಕ್ಕಳು. ಮಳೆಗಾಲ ಹಿಡಿದರೆ ಆ ಸಂತೆ ಮುಚ್ಚುತ್ತದೆ. ಮ್ಹಾಪಸಾದ ಶುಕ್ರವಾರಕ್ಕೆ ರಜೆ ಇಲ್ಲ. ಆಷಾಢದ ಜಡಿಮಳೆಯಲ್ಲಿ ತಾಡಪತ್ರಿ ಕಟ್ಟಿಕೊಂಡು ಅದು ನಡೆಯುತ್ತಲೇ ಇರುತ್ತದೆ.

ಹೆಸರು ಮತ್ತು ಸೆಳೆತ ಒಂದೇ ಎಂದು ನಾವು ಬಹಳ ಸಲ ತಿಳಿದುಬಿಡುತ್ತೇವೆ. ಹೆಸರು ದೂರದವರ ಬಾಯಿಮಾತು, ಎಂದೂ ಬರದವರೂ ಹೇಳಬಹುದು. ಸೆಳೆತ ಬೇರೆ. ಅದು ಮನುಷ್ಯನನ್ನು ರಾತ್ರಿ ಬಸ್ಸಿನಲ್ಲಿ ಕೂಡಿಸಿ ಕರೆದು ತರುತ್ತದೆ. ಅಂಜುಣಾಕ್ಕೆ ಹೆಸರು ಬಂದ ಮೇಲೆ ಜನ ಬಂದರು. ಮ್ಹಾಪಸಾಕ್ಕೆ ಜನ ಬಂದು ಬಂದು, ಇನ್ನೂ ಹೆಸರು ಬರಬೇಕಾಗಿದೆ.

ಸಣ್ಣವನು ಇದನ್ನು ಕೇಳಿ, ಷಿಕಾಗೋನೂ ಹಿಂಗ ಅದ ಮಾಮಾ ಅಂದ. ಅವನು ಹೇಳಿದ್ದು ನನಗೆ ಹೊಸದು. ನ್ಯೂಯಾರ್ಕ್ ಎಂಬುದು ಇಂಗ್ಲೆಂಡಿನ ಒಬ್ಬ ಧಣಿಯ ಹೆಸರು. ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮನ್ನು 1664ರಲ್ಲಿ ಇಂಗ್ಲಿಷರು ಕಿತ್ತುಕೊಂಡು ಡ್ಯೂಕ್ ಆಫ್ ಯಾರ್ಕನ ಹೆಸರಿಟ್ಟರು. ಷಿಕಾಗೋ ಎಂಬುದು ಅಲ್ಲಿಯ ಮೂಲನಿವಾಸಿಗಳ ಮಾತು. ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುತ್ತಿದ್ದ ಒಂದು ಕಾಡು ಈರುಳ್ಳಿಯ ಜಾತಿಯಿಂದ ಬಂದದ್ದು. ಈರುಳ್ಳಿಯ ಹೆಸರು ಹೊತ್ತ ಊರು ಕಾಳಿನ ಪೇಟೆಯಾಗಿ ಬೆಳೆಯಿತು. 1848ರಲ್ಲಿ ಅಲ್ಲಿ ಬೋರ್ಡ್ ಆಫ್ ಟ್ರೇಡ್ ಎಂಬ ಧಾನ್ಯದ ವ್ಯಾಪಾರಿಗಳ ಕೂಟ ಹುಟ್ಟಿತು, ರೈಲು ಬಂತು, ವಾಯಿದಾ ವ್ಯಾಪಾರ ಬಂತು. ಬುಶೆಲ್ ಎಂಬ ಅಳತೆಗೆ ಗೋಧಿಯಾದರೆ 60 ಪೌಂಡು, ಗೋವಿನಜೋಳವಾದರೆ 56 ಪೌಂಡು ಎಂದು ತೂಕ ಕಟ್ಟಿದರು. ಇವತ್ತಿಗೂ ಸೋಯಾ ಎಣ್ಣೆಗೆ ಜಗತ್ತಿನ ಧಾರಣೆ ಏನು ಎಂದು ತಿಳಿಯಲು ವ್ಯಾಪಾರಿಗಳು ನೋಡುವುದು ಷಿಕಾಗೋದ ಕಡೆಗೆ. ಮ್ಹಾಪಸಾದ ಕಿರಾಣಿ ಅಂಗಡಿಯಲ್ಲಿ ಎಣ್ಣೆಯ ಪ್ಯಾಕೆಟ್ಟಿಗೆ ಹತ್ತು ರೂಪಾಯಿ ಏರಿದಾಗ ಅಂಗಡಿಕಾರ ಷಿಕಾಗೋ ಹೆಸರು ಹೇಳುವುದಿಲ್ಲ. ಆದರೆ ಆ ಊರು ಅಷ್ಟು ಹತ್ತಿರಕ್ಕೆ, ನಮ್ಮ ಒಗ್ಗರಣೆಯ ಸೌಟಿನ ತನಕ ಬಂದಿರುತ್ತದೆ.

ಇನ್ನೊಂದು ಇದೆ. ವಿವೇಕಾನಂದರು ಮಾತಾಡಿದ ಧರ್ಮಸಮ್ಮೇಳನವೂ ಸೇರಿದ್ದ 1893ರ ಆ ವಿಶ್ವಮೇಳಕ್ಕಾಗಿ ನ್ಯೂಯಾರ್ಕ್, ಷಿಕಾಗೋ ಎರಡೂ ಪೈಪೋಟಿ ನಡೆಸಿದ್ದವು. 1871ರಲ್ಲಿ ಬೆಂಕಿಬಿದ್ದು ನಡುವೂರೇ ಸುಟ್ಟುಹೋಗಿದ್ದ ಷಿಕಾಗೋ ಅದನ್ನು ಗೆದ್ದುಕೊಂಡಿತು. ಆ ಮೇಳದಲ್ಲಿ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ಒಂದು ಉಕ್ಕಿನ ಚಕ್ರ ನಿಲ್ಲಿಸಿ, ಜನರನ್ನು ಕೂಡಿಸಿ ತಿರುಗಿಸಿದ. ನಮ್ಮ ಬನಶಂಕರಿ ಜಾತ್ರೆಯಲ್ಲಿ, ಇಲ್ಲಿ ಚಳಿಗಾಲದ ಬೋಡಗೇಶ್ವರ ಜಾತ್ರೆಯಲ್ಲಿ ಮಕ್ಕಳು ಕಿರುಚಿಕೊಂಡು ಕೂಡುವ ಜಾಯಂಟ್ ವ್ಹೀಲ್ ಆ ಚಕ್ರದ ಸಂತಾನ. ತೊಟ್ಟಿಲಲ್ಲಿ ಕೂತ ಯಾವ ಮಗುವೂ ಷಿಕಾಗೋ ಎನ್ನುವುದಿಲ್ಲ. ಕೆಲವು ಊರುಗಳು ತಮ್ಮ ಹೆಸರನ್ನು ಜಗತ್ತಿಗೆ ಕಳಿಸುತ್ತವೆ. ಕೆಲವು ಸಾಮಾನು ಕಳಿಸಿ, ಹೆಸರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತವೆ.

ಮ್ಹಾಪಸಾದ ಹೆಸರಿಗೂ ಇಲ್ಲಿಯ ಜನ ಹೇಳುವ ಅರ್ಥ ಪೇಟೆಯದ್ದೇ. ‘ಮಾಪ್’ ಎಂದರೆ ಅಳತೆ, ‘ಸಾ’ ಎಂದರೆ ತುಂಬುವುದು. ಮಾಪು ನಮಗೂ ಹೊಸ ಶಬ್ದವಲ್ಲ. ಹಿಂದೆ ಹೊಳೆಯಲ್ಲಿ ದೋಣಿಗಳು ಬರುತ್ತಿದ್ದವು, ಸುತ್ತಿನ ಬಾರ್ದೇಸ ತಾಲೂಕಿನ ಹಳ್ಳಿಗಳಿಂದ ತಲೆಹೊರೆ ಬರುತ್ತಿತ್ತು. ಪೋರ್ಚುಗೀಸ್ ಆಡಳಿತದ ಕೊನೆಯ ವರ್ಷಗಳಲ್ಲಿ ಕಟ್ಟಿದ ಮಾರುಕಟ್ಟೆಯ ಸಾಲುಗಳು ಇವತ್ತಿಗೂ ಆ ಹೊರೆ ಇಳಿಸಿಕೊಳ್ಳುತ್ತಿವೆ.

ಹುಡುಗರನ್ನು ಮೊದಲು ಬಾಳೆಕಾಯಿಯ ಸಾಲಿಗೆ ಕರೆದುಕೊಂಡು ಹೋದೆ. ಮೊಯ್ರಾ ಬಾಳೆ ಬಲು ಉದ್ದ, ಒಂದೊಂದೂ ಮುಷ್ಟಿಗೆ ತುಂಬುವಷ್ಟು ದಪ್ಪ, ಸಿಪ್ಪೆ ಕಪ್ಪಾಗುತ್ತ ಬಂದರೆ ಹಣ್ಣಾಗಿದೆ ಎಂದು ಅರ್ಥ. ಇದನ್ನು ಬೇಯಿಸಿ ತಿನ್ನುತ್ತಾರೆ, ಸಕ್ಕರೆ ಹಾಕಿ ಕಾಸಿ ‘ಫಿಗಾದ್’ ಮಾಡುತ್ತಾರೆ. ಮಾರುವ ಹೆಂಗಸು ಬಾಳೆ ಅನ್ನುವುದಿಲ್ಲ, ಮೊಯ್ರಾ ಅನ್ನುತ್ತಾಳೆ. ಮುಂದಿನ ಸಾಲಿನಲ್ಲಿ ಹರ್ಮಲ್ ಮೆಣಸಿನಕಾಯಿ. ಬೇಸಿಗೆಯಾದರೆ ಪರ್ರಾದ ಕಲ್ಲಂಗಡಿ. ಈ ಪಟ್ಟಣದಲ್ಲಿ ಹುಟ್ಟಿದ ಮನೋಹರ ಪರ್ರೀಕರ್ ಅವರ ಊರು ಅದು. ತಿಂದವರು ಉಗುಳಿದ ಬೀಜವನ್ನೇ ಕೂಡಿಸಿ, ಒಳ್ಳೆಯ ಹಣ್ಣಿನ ತಳಿ ಉಳಿಸಿಕೊಳ್ಳುತ್ತಿದ್ದ ಅಲ್ಲಿಯ ರೈತನ ಕತೆಯನ್ನು ಅವರು ಸಭೆಗಳಲ್ಲಿ ಹೇಳುತ್ತಿದ್ದರು. ಹಂದಿಮಾಂಸದ ಚೊರಿಸ್ ಜಪಮಾಲೆಯ ಮಣಿಗಳಂತೆ ತೂಗುತ್ತಿತ್ತು. ಅದರಾಚೆ ಒಣಮೀನಿನ ಸಾಲು, ಬಾಂಗಡೆ, ಸುಂಗಟ. ಈಸ್ಟರ್ ಕಳೆದು ಹದಿನೈದು ದಿನದ ಸುಮಾರಿಗೆ ಸೋಮವಾರ ಬರುವ ಇಲ್ಲಿಯ ಮಿಲಾಗ್ರ್ ಸಾಯಬಿಣಿಯ, ಅಂದರೆ ಮೇರಿಮಾತೆಯ, ಹಬ್ಬಕ್ಕೆ ಬಂದಿದ್ದರೆ ಇನ್ನೂ ನೋಡಬಹುದಿತ್ತು. ಮಳೆಗಾಲಕ್ಕೆ ಬೇಕಾದ ಮೆಣಸು, ಹುಳಿ, ಒಣಮೀನು, ಈರುಳ್ಳಿ ಎಲ್ಲ ತುಂಬಿಟ್ಟುಕೊಳ್ಳುವ ‘ಪುರುಮೆಂತ್’ ಸಂತೆ ಆಗ ನಡೆಯುತ್ತದೆ. ಆ ಸಾಯಬಿಣಿಯನ್ನು ಶಿರಗಾಂವದ ಲೈರಾಯಿ ದೇವಿಯ ತಂಗಿ ಎಂದು ಹಿಂದೂಗಳೂ ನಂಬುತ್ತಾರೆ, ಎಣ್ಣೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ.

ಷಿಕಾಗೋದಲ್ಲಿ ನೂರಾರು ಹೊಲಗಳ ಕಾಳು ಒಂದೇ ಕಣಜಕ್ಕೆ ಸುರಿದು, ದರ್ಜೆ ಕಟ್ಟಿದ ದಿನ ಇದು ಯಾರ ಹೊಲದ್ದು ಎಂಬ ಮಾತು ಮುಗಿದುಹೋಯಿತು. ಮ್ಹಾಪಸಾದಲ್ಲಿ ಅದು ಮುಗಿದಿಲ್ಲ. ಪ್ರಪಂಚದ ಭೂಪಟದಲ್ಲಿ ಚುಕ್ಕಿಯೂ ಇಲ್ಲದ ಮೊಯ್ರಾ, ಹರ್ಮಲ್, ಪರ್ರಾ, ತಾಳಗಾಂವ್ ಎಂಬ ಊರುಗಳು ಇಲ್ಲಿ ಗಟ್ಟಿ ಧ್ವನಿಯಲ್ಲಿ ಕೂಗಿಸಿಕೊಳ್ಳುತ್ತವೆ. ದೊಡ್ಡ ಪೇಟೆ ತನ್ನ ಹೆಸರು ಎಷ್ಟು ದೂರ ಹೋಯಿತು ಎಂದು ಹೇಳಿಕೊಳ್ಳಬಹುದು. ಎಷ್ಟು ಸಣ್ಣ ಊರುಗಳ ಹೆಸರನ್ನು ಬಾಯಲ್ಲಿ ಉಳಿಸಿತು ಎಂದೂ ಕೇಳಬೇಕು ಎಂದು ನನಗೆ ಅನ್ನಿಸುತ್ತದೆ.

ನಮ್ಮವೂ ಇಲ್ಲಿ ಕೇಳಿಸುತ್ತವೆ. ಬ್ಯಾಡಗಿ ಮೆಣಸಿನಕಾಯಿ, ಬೆಳಗಾವಿ ತರಕಾರಿ. ಗೋವಾದ ಅಡುಗೆಮನೆಗೆ ಕೋಸು, ಗಜ್ಜರಿ, ಟೊಮೆಟೊ ಚೋರ್ಲಾ ಘಾಟಿನ ಮೇಲಿಂದ ಲಾರಿಯಲ್ಲಿ ಇಳಿದು ಬರಬೇಕು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ನಾಲ್ಕೇ ದಿನದಲ್ಲಿ ಇಲ್ಲಿಯ ಮನೆಗಳಿಗೆ ಬೆಳಗಾವಿಯ ಬೆಲೆ ಗೊತ್ತಾಯಿತು. ತರಕಾರಿಗೆ ಊರಿನ ಹೆಸರು ಸಿಕ್ಕಿದೆ. ಅದನ್ನು ಹೊತ್ತು ತಂದವರಿಗೆ ಸಿಕ್ಕ ಹೆಸರು ಬೇರೆ. ಘಟ್ಟದ ಮೇಲಿನವರು ಎಂಬ ಅರ್ಥದ ‘ಘಾಂಟಿ’. ಮುಖದ ಮೇಲೆ ಹೇಳಿದರೆ ಅದು ಬೈಗುಳ. ಕೇಳಿದಾಗ ಎದೆಯಲ್ಲಿ ಮುಳ್ಳು ಮುರಿದಂತಾಗುತ್ತದೆ.

ಆದರೆ ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. ಇದೇ ಮಾರುಕಟ್ಟೆಯಲ್ಲಿ ಅಜ್ಜಿಯ ಕಾಲದಿಂದ ಒಂದೇ ಜಾಗದಲ್ಲಿ ಬುಟ್ಟಿ ಇಡುತ್ತಿದ್ದ ಹಳ್ಳಿಯ ಕೊಂಕಣಿ ಹೆಂಗಸರು, ಈಗ ಬಂದು ನೋಡಿದರೆ ಜಾಗವೇ ಇಲ್ಲ ಅನ್ನುತ್ತಾರೆ. ಪ್ಲಾಸ್ಟಿಕ್ ಆಟಿಕೆ, ಅಗ್ಗದ ಬಟ್ಟೆಯ ರಾಶಿ ದಾರಿಗೆ ಬಂದಿದೆ. ಅವರ ನೋವು ಸುಳ್ಳಲ್ಲ. ಮನೆಯ ಹಿತ್ತಲಿನ ನಾಲ್ಕು ಕಟ್ಟು ಕೆಂಪು ಹರಿವೆ, ಎರಡು ಕಾಯಿ ಪಪ್ಪಾಯಿ ತಂದು ‘ವಾಂಟೊ’ ಎಂಬ ಸಣ್ಣ ಗುಡ್ಡೆ ಹಾಕಿ ಕೂತ ಮುದುಕಿಗೆ ದಾರಿಯ ಅಂಚೂ ಸಿಗದಿದ್ದರೆ ಈ ಸಂತೆಯ ಜೀವ ಹೋದಂತೆ. ಕಡಲ ದಂಡೆಯ ಹೆಸರು ದೊಡ್ಡದಾದಷ್ಟೂ ಇಲ್ಲಿಯ ಬಾಡಿಗೆ ಏರುತ್ತಿದೆ, ಅದರ ಪೆಟ್ಟು ಅವರಿಗೂ ನಮ್ಮವರಿಗೂ ಒಂದೇ ಸಮ. ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತ ಕೂತಿರುವುದನ್ನು ನೋಡಲು ನನಗೆ ಸಂಕಟವಾಗುತ್ತದೆ.

ಹೆಸರು ಒಂದೇ ಕಡೆ ನಿಲ್ಲುವುದಲ್ಲ ಎಂಬುದಕ್ಕೆ ಈ ನೆಲವೇ ಸಾಕ್ಷಿ. ನಿಲ್ದಾಣದಲ್ಲಿ ನಿಂತ ‘ಕದಂಬ’ ಬಸ್ಸನ್ನು ಹುಡುಗರಿಗೆ ತೋರಿಸಿದೆ. ಗೋವಾದ ಸಾರಿಗೆ ನಿಗಮ ಶುರುವಾದದ್ದು 1980ರಲ್ಲಿ, ಇಟ್ಟುಕೊಂಡ ಹೆಸರು ಗೋವೆಯ ಕದಂಬರದು. ಅವರ ಮೂಲದ ಬನವಾಸಿಯ ಹೆಸರನ್ನು ಎರಡನೆಯ ಶತಮಾನದಲ್ಲೇ ಟಾಲೆಮಿ ಬರೆದಿಟ್ಟಿದ್ದ. ಗೋವೆಯ ಕದಂಬರ ಗೋಪಕಪಟ್ಟಣಕ್ಕೆ ಅರಬರ ಹಡಗು ಬರುತ್ತಿದ್ದವು. ಆಮೇಲೆ ಹಳೇ ಗೋವೆ ಬಂತು, ಅದನ್ನು ನೋಡಿದವರು ಲಿಸ್ಬನ್ ನೋಡಬೇಕಿಲ್ಲ ಅನ್ನಿಸಿಕೊಂಡಿತು, ರೋಗಗಳು ಬಂದು ಬರಿದಾಯಿತು. 1843ರಲ್ಲಿ ರಾಜಧಾನಿಯ ಪಟ್ಟ ಪಣಜಿಗೆ ಹೋಯಿತು. ಹೆಸರು ಹೀಗೆ ಊರೂರು ತಿರುಗಿತು. ಮ್ಹಾಪಸಾ ಯಾವ ಕಾಲದಲ್ಲೂ ಆ ಸರದಿಯಲ್ಲಿ ನಿಂತದ್ದಿಲ್ಲ.

ಬಿಸಿಲು ಏರಿತ್ತು. ಹೊರಡುವ ದಾರಿಯಲ್ಲಿ ಒಬ್ಬ ಅಕ್ಕ ಕುದಿಸಿದ ಶೇಂಗಾದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಅಂಚು ನಗ್ಗಿದ ತಗಡಿನ ಪಾವು. ಮುಂದೆ ನಿಂತ ಕೊಂಕಣಿ ಅಜ್ಜಿಗೆ ಸರಾಗ ಕೊಂಕಣಿಯಲ್ಲಿ ಬೆಲೆ ಹೇಳಿ, ಅಳೆದು ಕೊಟ್ಟಳು. ಸಣ್ಣವನು “ಯಾವೂರಕ್ಕಾ ನಿಮ್ದು?” ಎಂದು ಕೇಳಿದ. ಅವಳು ತಲೆ ಎತ್ತದೆ “ಬಿಜಾಪುರ ಕಡೆ” ಅಂದಳು.

“ಬಿಜಾಪುರ ಕಡೆ ಅಂದ್ರ ಎಲ್ಲಿ?”

“ಬಾದಾಮಿ.”

“ನಮ್ದೂ ಬಾದಾಮಿನ. ಬಾದಾಮಿಯೊಳಗ ಯಾವೂರು?”

ಈಗ ತಲೆ ಎತ್ತಿದಳು. “ನಂದಿಕೇಶ್ವರ, ತಮ್ಮಾ” ಅಂದಳು. ಆ ಹೆಸರು ಹೇಳುವಾಗ ಅವಳ ಮುಖವೇ ಬೇರೆಯಾಯಿತು.

ದೊಡ್ಡವನು ನನ್ನ ಪಕ್ಕದಲ್ಲಿ ಮೆಲ್ಲಗೆ, ನಾನೂ ಅಲ್ಲಿ ಹಿಂಗ ಹೇಳ್ತೀನಿ ಮಾಮಾ ಅಂದ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಇಂಡಿಯಾ. ಇನ್ನೂ ಕೇಳಿದರೆ ಬೆಂಗಳೂರು. ಅದರ ಆಚೆಗೆ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ.

“ಮತ್ತ ನೀವೆಲ್ಲಿರ್ತೀರಿ?” ಎಂದಳು ಅಕ್ಕ, ಪಾವು ತುಂಬುತ್ತ.

“ಅಮೆರಿಕಾದಾಗ.”

“ಅಮೆರಿಕಾದಾಗ ಯಾವೂರು?”

ಒಬ್ಬ ನ್ಯೂಯಾರ್ಕ್ ಅಂದ, ಒಬ್ಬ ಷಿಕಾಗೋ ಅಂದ. ಅವಳು ಎರಡನ್ನೂ ಒಂದೊಂದು ಸಲ ಬಾಯಲ್ಲಿ ಹೇಳಿಕೊಂಡು ನೋಡಿದಳು. ಎರಡು ಪಾವು ಅಳೆದು ಕಾಗದದ ಪೊಟ್ಟಣಕ್ಕೆ ಸುರಿದಳು, ಮೇಲೆ ಒಂದು ಬೊಗಸೆ ಕೊಸರು ಹಾಕಿದಳು, ಮತ್ತೆ ಅರ್ಧ ಬೊಗಸೆ ಹಾಕಿದಳು. ದುಡ್ಡು ಎಣಿಸಿ ಸೊಂಟದ ಚೀಲಕ್ಕೆ ಸೇರಿಸುತ್ತ ಕೇಳಿದಳು:

“ಅಲ್ಲಿ ಸಂತಿ ಯಾವ ವಾರಾ ತಮ್ಮಾ?”